ಭ್ರೂಣದ ಗ್ರೇಡ್ (ಗುಣಮಟ್ಟ) ಕೇಳುತ್ತೀರಿ, ಹಳೆಯ ಸಿಸೇರಿಯನ್ ಹೊಲಿಗೆ ಹೇಗಿದೆ ಅಂತ ಕೇಳಿದ್ದೀರಾ?

ಮೊದಲ ಮಗು ಐವಿಎಫ್‌ನಲ್ಲಿ ಆಯಿತು, ಸಿಸೇರಿಯನ್ ಆಗಿ ಹುಟ್ಟಿತು. ಉಳಿದ ಭ್ರೂಣಗಳು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿವೆ. ಮಗುವಿಗೆ ವರ್ಷ ತುಂಬುವುದೇ ತಡ, ಮನೆಯಲ್ಲಿ ಮಾತು ಶುರು. "ಹೇಗಿದ್ರೂ ಫ್ರೀಜ್ ಮಾಡಿಟ್ಟಿದೆಯಲ್ಲ, ಇನ್ನೊಂದು ಮಾಡ್ಕೊಂಡುಬಿಡಿ." ಜೊತೆಗೆ ಪ್ರತಿ ವರ್ಷ ಫ್ರೀಜಿಂಗ್ ಫೀಸು ಬೇರೆ.

ದಯವಿಟ್ಟು ಅವಸರ ಮಾಡಬೇಡಿ. ಐವಿಎಫ್‌ನಂಥ ಚಿಕಿತ್ಸೆಗಳಿಗೆ ಇರುವ 2021ರ ಎಆರ್‌ಟಿ ಕಾಯ್ದೆಯ ಪ್ರಕಾರ ಭ್ರೂಣವನ್ನು 10 ವರ್ಷದವರೆಗೆ ಇಡಬಹುದು. ಅಲ್ಲಿ ಅದಕ್ಕೆ ವಯಸ್ಸಾಗುವುದಿಲ್ಲ. ಸಮಯ ಬೇಕಿರುವುದು ತಾಯಿಯ ಗರ್ಭಕೋಶಕ್ಕೆ. ಹೆರಿಗೆಯಾದ ಮೇಲೆ ಮುಂದಿನ ಬಸಿರಿಗೆ 2 ವರ್ಷವಾದರೂ ಬಿಡಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ತಾಯಿಗೆ ನಲವತ್ತರ ಹತ್ತಿರವಾಗಿದ್ದರೆ ಲೆಕ್ಕ ಸ್ವಲ್ಪ ಬೇರೆ, ಅದನ್ನು ಡಾಕ್ಟರ ಹತ್ತಿರ ಕೂತು ಮಾತಾಡಿ.

ಕರ್ನಾಟಕದಲ್ಲಿ ನೂರಕ್ಕೆ 31ಕ್ಕೂ ಹೆಚ್ಚು ಹೆರಿಗೆ ಸಿಸೇರಿಯನ್ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಅಂದರೆ ಇದು ಎಲ್ಲೋ ಒಬ್ಬಿಬ್ಬರ ಸಮಸ್ಯೆಯಲ್ಲ. ಕೆಲವರಲ್ಲಿ ಒಳಗಿನ ಹೊಲಿಗೆ ಕೂಡಿದ ಜಾಗದಲ್ಲಿ ಸಣ್ಣ ಗುಳಿ ಉಳಿಯುತ್ತದೆ. ಮುಟ್ಟು ನಿಂತ ಮೇಲೂ ದಿನಗಟ್ಟಲೆ ಕಂದು ಬಣ್ಣದ ಕಲೆ ಕಾಣಿಸುತ್ತಿದ್ದರೆ, ಸುಮ್ನೆ ಬಿಡಬೇಡಿ. ಆ ಗುಳಿಯಲ್ಲಿ ನಿಂತ ದ್ರವ ಗರ್ಭಕೋಶದೊಳಕ್ಕೆ ಜಿನುಗಿದರೆ ಭ್ರೂಣ ಅಂಟಿಕೊಳ್ಳುವುದು ಕಷ್ಟವಾಗಬಹುದು. ಸಣ್ಣ ನಳಿಕೆಯಲ್ಲಿ ಸಲೈನ್ ಬಿಟ್ಟು ಮಾಡುವ ಸ್ಕ್ಯಾನ್‌ನಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಗುಳಿ ಇದ್ದವರಿಗೆಲ್ಲ ಆಪರೇಷನ್ ಬೇಕಿಲ್ಲ. ಆದರೆ ಟ್ರಾನ್ಸ್‌ಫರ್‌ಗೆ, ಅಂದರೆ ಭ್ರೂಣವನ್ನು ಗರ್ಭಕೋಶಕ್ಕೆ ಹಾಕುವುದಕ್ಕೆ, ಮೊದಲೇ ಗೊತ್ತಿರಬೇಕು, ಅಲ್ವಾ? ಹೋಗುವಾಗ ಹಳೆಯ ಡಿಸ್ಚಾರ್ಜ್ ಸಮ್ಮರಿ ತೆಗೆದುಕೊಂಡು ಹೋಗಿ. ಗರ್ಭಕೋಶವನ್ನು ಅಡ್ಡ ಕೊಯ್ದಿದ್ದಾರೋ ಉದ್ದ ಕೊಯ್ದಿದ್ದಾರೋ ಅನ್ನುವುದು ಮುಖ್ಯ. ಉದ್ದ ಕೊಯ್ದಿದ್ದರೆ ಮುಂದಿನ ಬಸಿರಿನಲ್ಲಿ ಆ ಜಾಗ ಬಿರಿಯುವ ಅಪಾಯ ಜಾಸ್ತಿ.

ಇನ್ನು, "ಎರಡು ಹಾಕಿಬಿಡಿ ಡಾಕ್ಟ್ರೇ, ಒಂದೇ ಸಲಕ್ಕೆ ಮುಗೀಲಿ" ಅನ್ನುವ ಮಾತು. ಸಾಲ ಮಾಡಿ ಬಂದವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ನಾನು ಒಂದೇ ಹಾಕಿಸಿಕೊಳ್ಳಿ ಅಂತಲೇ ಹೇಳುವುದು. ಅವಳಿ ಬಸಿರಿನಲ್ಲಿ ದಿನ ತುಂಬುವ ಮೊದಲೇ ಹೆರಿಗೆ, ಬಿಪಿ, ರಕ್ತಸ್ರಾವ ಎಲ್ಲವೂ ಜಾಸ್ತಿ. ಒಮ್ಮೆ ಕೊಯ್ದ ಗರ್ಭಕೋಶದ ಮೇಲೆ ಆ ಭಾರ ಯಾಕೆ? ಹಾಗೆ ಕೇಳುವ ಅತ್ತೆ, ಗಂಡ ಯಾರೂ ಆ ನೋವು ತಿನ್ನುವುದಿಲ್ಲ.

ಟೆಸ್ಟ್ ಪಾಸಿಟಿವ್ ಬಂತು ಅಂದುಕೊಳ್ಳಿ. ಆ ಸಂತೋಷದಲ್ಲಿ 6-7ನೇ ವಾರದ ಸ್ಕ್ಯಾನ್ ತಪ್ಪಿಸಬೇಡಿ. ಎದೆಬಡಿತ ಬಂತಾ ಅಂತ ಮಾತ್ರ ಕೇಳಬೇಡಿ, ಭ್ರೂಣ ಇರುವ ಚೀಲ ಎಲ್ಲಿ ಕೂತಿದೆ ಅಂತಲೂ ಕೇಳಿ. ಅಪರೂಪಕ್ಕೆ ಅದು ಹಳೆಯ ಹೊಲಿಗೆಯ ಮೇಲೇ ಕೂರುತ್ತದೆ. ಆಗ ತಾಯಿಯ ಜೀವಕ್ಕೇ ಅಪಾಯ, ಬೇಗ ಗೊತ್ತಾದಷ್ಟೂ ಡಾಕ್ಟರಿಗೆ ದಾರಿಗಳು ಜಾಸ್ತಿ ಇರುತ್ತವೆ.