ಫುಲ್ ಚಾರ್ಜ್ ಆಗಿದ್ದ ಬೆಳಗ್ಗೆ ಬ್ರೇಕ್ ಹಿಡಿಯಲಿಲ್ಲ

ಕೇಳುಗರೇ, ನಮಸ್ಕಾರ.

ಬೆಂಗಳೂರಿನ ಹನುಮಂತನಗರದ ರಾಮಾಂಜನೇಯ ಗುಡ್ಡ ನಿಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿರುತ್ತದೆ. ಅದರ ಸುತ್ತಮುತ್ತಲಿನ ರಸ್ತೆಗಳಲ್ಲಿ ಗಾಡಿ ಓಡಿಸಿದವರಿಗೆ ಅಲ್ಲಿನ ಏರು, ಇಳಿಜಾರು ಎಂಥದ್ದು ಎಂದು ಹೇಳಬೇಕಾಗಿಲ್ಲ. ನಮ್ಮ ಮನೆ ಇರುವುದು ಅಂಥದ್ದೇ ಒಂದು ಇಳಿಜಾರಿನ ತಲೆಯಲ್ಲಿ. ಗೇಟು ತೆಗೆದು ಗಾಡಿ ಹೊರಗೆ ತಂದರೆ ಸಾಕು, ಇಳಿಜಾರು ಶುರು.

ಅದು ಕಾರ್ತಿಕ ಸೋಮವಾರ. ಕಡಲೆಕಾಯಿ ಪರಿಷೆಗೆ ಇನ್ನೂ ಒಂದು ವಾರ ಇತ್ತು. ಅಮ್ಮನನ್ನು ಗವಿ ಗಂಗಾಧರೇಶ್ವರ ದೇವಸ್ಥಾನಕ್ಕೆ ಕರೆದುಕೊಂಡು ಹೊರಟೆ. ನನ್ನದು ಮೂರು ವರ್ಷ ಹಳೆಯ ಎಲೆಕ್ಟ್ರಿಕ್ ಸ್ಕೂಟರ್. ರಾತ್ರಿಯೆಲ್ಲಾ ಚಾರ್ಜ್‌ಗೆ ಹಾಕಿದ್ದೆ, ಬೆಳಗ್ಗೆ ನೂರಕ್ಕೆ ನೂರು ತೋರಿಸುತ್ತಿತ್ತು.

ದಿನಾ ಆ ಇಳಿಜಾರಿನಲ್ಲಿ ಎಕ್ಸಲರೇಟರ್ ಬಿಟ್ಟರೆ ಗಾಡಿಯನ್ನು ಹಿಂದಿನಿಂದ ಯಾರೋ ಹಿಡಿದಂತೆ ಆಗುತ್ತಿತ್ತು. ಅವತ್ತು ಹಿಡಿಯಲಿಲ್ಲ. ಗಾಡಿ ಜಾರುತ್ತಲೇ ಹೋಯಿತು. ಎಡಗೈ ಲಿವರ್ ಒತ್ತಿದೆ. ಅದು ಹ್ಯಾಂಡಲಿಗೇ ಬಂದು ತಾಗಿತು. ಬಲಗೈ ಒತ್ತಿದೆ. ನೆನೆದ ಬ್ರೆಡ್ ಹಿಂಡಿದ ಹಾಗಿತ್ತು. "ನಿಧಾನ ಕಣೋ" ಎಂದು ಅಮ್ಮ ನನ್ನ ಭುಜ ಹಿಡಿದುಕೊಂಡರು.

ಆಗ ನಾನು ಮಾಡಿದ್ದನ್ನು ಒಂದೊಂದಾಗಿ ಹೇಳುತ್ತೇನೆ. ನಿಮಗೂ ಬೇಕಾಗಬಹುದು. ಎಡಗೈ ಹೆಬ್ಬೆರಳು ಹಾರ್ನ್ ಮೇಲೆಯೇ ಇತ್ತು. ಬಲಗೈ ಲಿವರನ್ನು ಬಿಟ್ಟು ಒತ್ತಿ, ಬಿಟ್ಟು ಒತ್ತಿ ಮಾಡಿದೆ. ಡಿಸ್ಕ್ ಬ್ರೇಕಿನ ಪೈಪಿನಲ್ಲಿ ಗಾಳಿ ಸೇರಿದ್ದರೆ ಹೀಗೆ ಪಂಪ್ ಮಾಡಿದಾಗ ಸ್ವಲ್ಪ ಹಿಡಿತ ಬರುತ್ತದೆ. ಮೂರನೆಯ ಸಲಕ್ಕೆ ಬಂತು. ಎಡಗಡೆ ಮನೆ ಕಟ್ಟುತ್ತಿದ್ದವರು ಎಂ-ಸ್ಯಾಂಡ್ ರಾಶಿ ಹಾಕಿದ್ದರು. ಹ್ಯಾಂಡಲ್ ಅದರ ಕಡೆಗೆ ತಿರುಗಿಸಿದೆ. ಮುಂದಿನ ಚಕ್ರ ಅರ್ಧ ಹೂತುಕೊಂಡು ಗಾಡಿ ನಿಂತಿತು. ಅಮ್ಮನ ಬುಟ್ಟಿಯಲ್ಲಿದ್ದ ಬಿಲ್ವಪತ್ರೆ ಮರಳಿನ ಮೇಲೆಲ್ಲಾ ಚೆಲ್ಲಿತ್ತು. ಬೇರೇನೂ ಆಗಲಿಲ್ಲ.

ಅಂಥ ಹೊತ್ತಿನಲ್ಲಿ ಕಾಲು ನೆಲಕ್ಕೆ ಊರಿ ನಿಲ್ಲಿಸಲು ಹೋಗಬೇಡಿ. ನೂರು ಕಿಲೋಗಿಂತ ಜಾಸ್ತಿ ತೂಗುವ ಗಾಡಿ, ಮೇಲೆ ಇಬ್ಬರು. ಪಾದ, ಮೊಣಕಾಲು ಮುರಿಯುತ್ತದೆ. ಓಡುತ್ತಿರುವಾಗ ಕೀಲಿ ತಿರುಗಿಸಬೇಡಿ. ಹ್ಯಾಂಡಲ್ ಲಾಕ್ ಬಿದ್ದರೆ ಕಥೆ ಮುಗಿಯಿತು, ಹಾರ್ನ್ ಕೂಡ ಇರುವುದಿಲ್ಲ. ಏರು ಸಿಕ್ಕರೆ ಏರಿನ ಕಡೆ ಹೋಗಿ.

ಇನ್ನು ಆ ದಿನವೇ ಯಾಕೆ ಹೀಗಾಯಿತು? ಇದು ನಾನು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯ.

ಹಿಂದೆ ಸೈಕಲ್ಲಿಗೆ ಡೈನಮೋ ಹಾಕಿಸಿದ್ದವರಿಗೆ ನೆನಪಿರುತ್ತದೆ. ಡೈನಮೋ ಚಕ್ರಕ್ಕೆ ತಾಗಿಸಿದರೆ ದೀಪ ಉರಿಯುತ್ತಿತ್ತು, ಪೆಡಲ್ ಬಿಗಿಯಾಗುತ್ತಿತ್ತು, ಅಲ್ವಾ? ಎಲೆಕ್ಟ್ರಿಕ್ ಗಾಡಿಯಲ್ಲೂ ಅದೇ. ಎಕ್ಸಲರೇಟರ್ ಬಿಟ್ಟಾಗ ಚಕ್ರವೇ ಮೋಟಾರನ್ನು ತಿರುಗಿಸುತ್ತದೆ, ಮೋಟಾರು ಡೈನಮೋ ಆಗಿ ಬ್ಯಾಟರಿಗೆ ಕರೆಂಟ್ ಕಳಿಸುತ್ತದೆ, ಆ ಬಿಗಿತಕ್ಕೆ ಗಾಡಿ ನಿಧಾನವಾಗುತ್ತದೆ. ಇದನ್ನು ರೀಜನ್ ಎನ್ನುತ್ತಾರೆ. ಆದರೆ ಬ್ಯಾಟರಿ ತುಂಬಿದ್ದರೆ ಆ ಕರೆಂಟ್ ಹೋಗುವುದು ಎಲ್ಲಿಗೆ? ತುಂಬಿದ ಕೊಡಕ್ಕೆ ಮತ್ತೆ ನೀರು ಹಿಡಿಯುವುದಿಲ್ಲ. ಅದಕ್ಕೇ ಫುಲ್ ಚಾರ್ಜ್ ಆದಾಗ ರೀಜನ್ ಕಡಿಮೆಯಾಗುತ್ತದೆ, ಇಲ್ಲವೇ ಇರುವುದೇ ಇಲ್ಲ.

ಮೂರು ವರ್ಷ ನನ್ನ ಬ್ರೇಕಿನ ಅರ್ಧ ಕೆಲಸ ಮೋಟಾರು ಮಾಡಿತ್ತು. ಬ್ರೇಕ್ ಒಳಗೊಳಗೇ ಹಾಳಾಗುತ್ತಿದ್ದದ್ದು ನನ್ನ ಕೈಗೆ ತಿಳಿಯಲೇ ಇಲ್ಲ. ಸಾಮಾನ್ಯವಾಗಿ ಚಾರ್ಜ್ ಅರವತ್ತು, ಎಪ್ಪತ್ತು ಇರುತ್ತಿತ್ತು, ನಡೆದುಹೋಗುತ್ತಿತ್ತು. ನೂರು ಇದ್ದ ದಿನ ಬ್ರೇಕ್ ಒಂದೇ ಉಳಿಯಿತು. ಇನ್ನೊಂದು ಮಾತು. 2019ರ ಏಪ್ರಿಲ್‌ನಿಂದ ಸಣ್ಣ ಗಾಡಿಗಳಿಗೂ ಕಾಂಬಿ ಬ್ರೇಕ್ ಇಲ್ಲವೇ ಎಬಿಎಸ್ ಕಡ್ಡಾಯವಾಯಿತು. ಕಾಂಬಿಯಲ್ಲಿ ಒಂದು ಲಿವರ್ ಒತ್ತಿದರೆ ಎರಡು ಚಕ್ರಕ್ಕೂ ಬ್ರೇಕ್ ಬೀಳುತ್ತದೆ. ಅದು ತುಂಬಾ ಒಳ್ಳೆಯದು. ಆದರೆ ಎರಡರಲ್ಲಿ ಒಂದು ಸೋತಿದ್ದರೆ ಇನ್ನೊಂದು ಅದನ್ನೂ ಮುಚ್ಚಿಡುತ್ತದೆ.

ಸರ್ವಿಸ್ ಸೆಂಟರಿಗೆ ಫೋನ್ ಮಾಡಿದರೆ 11 ದಿನ ಬಿಟ್ಟು ಬನ್ನಿ ಎಂದರು. ಬ್ರೇಕ್ ಇಲ್ಲ ಎಂದೆ. ಆದರೂ 11 ದಿನವೇ ಎಂದರು. ನನಗೆ ನಿಜವಾಗಿ ಸಿಟ್ಟು ಬಂತು. ಬ್ರೇಕಿನ ದೂರಿಗೆ ಸರದಿ ಇರಬಾರದು. ವಾರಂಟಿ ಮುಗಿದಿತ್ತು, ಹಾಗಾಗಿ ಗಾಡಿ ತಳ್ಳಿಕೊಂಡು ಬೀದಿ ಕೊನೆಯ ಗ್ಯಾರೇಜಿಗೆ ಹೋದೆ. "ಬ್ಯಾಟರಿ, ಮೋಟಾರ್ ತಂಟೆಗೆ ನಾನು ಹೋಗಲ್ಲ ಸಾರ್. ಬ್ರೇಕ್ ಅಂದ್ರೆ ಎಲ್ಲಾ ಗಾಡಿಗೂ ಒಂದೇ, ಬಿಚ್ಚೋಣ" ಎಂದರು ಮೆಕ್ಯಾನಿಕ್. ತನಗೆ ಬರುವುದು ಎಲ್ಲಿಯವರೆಗೆ ಎಂದು ಮೊದಲೇ ಹೇಳಿದ್ದು ನನಗೆ ಹಿಡಿಸಿತು.

ಮುಂದಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದರು. ಹೊಸ ಆಯಿಲ್ ತಿಳಿಯಾದ ಜೇನಿನ ಬಣ್ಣ ಇರುತ್ತದೆ. ನನ್ನದು ಕಾಫಿ ಡಿಕಾಕ್ಷನ್ ಆಗಿತ್ತು, ಮಟ್ಟವೂ ಗೆರೆಗಿಂತ ಕೆಳಗೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ಎಂಬ ದರ್ಜೆಯ ಹೊಸ ಆಯಿಲ್ ಕುದಿಯಬೇಕಾದರೆ ಕನಿಷ್ಠ 230 ಡಿಗ್ರಿ ಬಿಸಿ ಬೇಕು. ನೀರು ಸೇರಿದ ಮೇಲೆ ಅದು 155 ಡಿಗ್ರಿ ಹತ್ತಿರಕ್ಕೆ ಇಳಿಯುತ್ತದೆ. ಉದ್ದ ಇಳಿಜಾರಿನಲ್ಲಿ ಬ್ರೇಕ್ ಕಾದು ಆಯಿಲ್ ಕುದಿದರೆ ಒಳಗೆ ಆವಿ ಗುಳ್ಳೆ, ಲಿವರ್ ಮೆತ್ತಗೆ. ನಂದಿ ಬೆಟ್ಟ ಇಳಿಯುವವರು ಇದನ್ನು ಮರೆಯಬಾರದು. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕು. ಡಾಟ್ 3 ಬೇಕೋ ಡಾಟ್ 4 ಬೇಕೋ ಎಂದು ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ. ಎಂದೋ ತೆರೆದಿಟ್ಟ ಬಾಟಲಿಯದ್ದು ಬೇಡ, ಹೊಸದನ್ನೇ ನಿಮ್ಮ ಮುಂದೆ ಒಡೆಸಿ.

ಡಿಸ್ಕನ್ನು ಎರಡು ಪ್ಯಾಡ್‌ಗಳ ಮಧ್ಯೆ ಒತ್ತಿ ಹಿಡಿಯುವ ಕ್ಯಾಲಿಪರ್ ಬಿಚ್ಚಿದಾಗ ಅದರ ಪಿನ್ ತುಕ್ಕು ಹಿಡಿದು ಕೂತಿತ್ತು. ಒಂದು ಪ್ಯಾಡ್ ಸವೆದು ಉಗುರಿನಷ್ಟು ಉಳಿದಿತ್ತು, ಇನ್ನೊಂದು ದಪ್ಪಗೇ ಇತ್ತು, ಆದರೆ ಮೇಲ್ಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ಹಾಗೆ ಹೊಳೆಯುವ ಪ್ಯಾಡ್ ಡಿಸ್ಕನ್ನು ಸರಿಯಾಗಿ ಹಿಡಿಯುವುದಿಲ್ಲ. ಹಿಂದಿನ ಡ್ರಮ್ಮಿನಲ್ಲಿ ಲೈನರ್ ಮುಗಿದಿತ್ತು, ಕೇಬಲ್ ಸಡಿಲ. ಪ್ಯಾಡ್, ಲೈನರ್ ಎರಡೂ ಹೊಸದು ಹಾಕಿ, ಪಿನ್ನಿಗೆ ಗ್ರೀಸ್ ಹಚ್ಚಿ, ಆಯಿಲ್ ತುಂಬಿಸಿ ಏರ್, ಅಂದರೆ ಪೈಪಿನಲ್ಲಿ ಸೇರಿದ್ದ ಗಾಳಿ, ತೆಗೆದರು. ಏರ್ ತೆಗೆಯುವುದನ್ನು ಪಕ್ಕದಲ್ಲೇ ನಿಂತು ನೋಡಿದೆ. ಕ್ಯಾಲಿಪರ್ ನಿಪ್ಪಲ್ಲಿಗೆ ಸಿಕ್ಕಿಸಿದ್ದ ಪೈಪಿನಲ್ಲಿ ಗುಳ್ಳೆ ಬರುತ್ತಲೇ ಇತ್ತು. ಗುಳ್ಳೆ ನಿಂತ ಮೇಲೆ ಲಿವರ್ ಗಟ್ಟಿಯಾಯಿತು.

ಕೊನೆಗೆ ಅವರು ಇನ್ನೊಂದು ಪರೀಕ್ಷೆ ಮಾಡಿದರು. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ಎಕ್ಸಲರೇಟರ್ ಚೂರೇ ಚೂರು ಕೊಟ್ಟು, ಲಿವರನ್ನು ಮೆಲ್ಲಗೆ ಮುಟ್ಟಿದರು. ಕೂಡಲೇ ಮೋಟಾರ್ ಕಟ್ ಆಯಿತು. ಎಲೆಕ್ಟ್ರಿಕ್ ಗಾಡಿಯ ಲಿವರಿನಲ್ಲಿ ಇದಕ್ಕೆಂದೇ ಸ್ವಿಚ್ ಇರುತ್ತದೆ. ಅದು ಕೆಟ್ಟರೆ ಬ್ರೇಕ್ ಹಿಡಿದಾಗಲೂ ಮೋಟಾರು ಮುಂದಕ್ಕೆ ತಳ್ಳಬಹುದು. ಅನೇಕ ಗಾಡಿಗಳಲ್ಲಿ ಹಿಂದಿನ ಬ್ರೇಕ್ ಲೈಟ್ ಉರಿಸುವುದೂ ಇದೇ ಸ್ವಿಚ್. ಲೈಟ್ ಬರುತ್ತಿಲ್ಲ ಎಂದರೆ ಸುಮ್ನೆ ಬಲ್ಬ್ ಹೋಗಿದೆ ಅಂದುಕೊಳ್ಳಬೇಡಿ.

ಆಯುಧಪೂಜೆಗೆ ಗಾಡಿ ತೊಳೆಯುವವರಿಗೂ ಒಂದು ಮಾತು. ಟೈರ್ ಪಾಲಿಶ್, ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ, ಯಾವುದೂ ಡಿಸ್ಕಿಗೆ ತಾಗಬಾರದು. ಒಂದು ಹನಿ ಸಾಕು, ಪ್ಯಾಡ್ ಅದನ್ನು ಕುಡಿದುಬಿಡುತ್ತದೆ, ಬ್ರೇಕ್ ಜಾರುತ್ತದೆ. ಕುಂಕುಮ ಟೈರಿಗೆ ಹಚ್ಚಿ, ಡಿಸ್ಕನ್ನು ಬಿಟ್ಟುಬಿಡಿ.

ಈಗ ದಿನಾ ಹೊರಡುವ ಮೊದಲು ಗೇಟಿನ ಒಳಗೇ ಗಾಡಿ ತಳ್ಳಿ, ಒಂದೊಂದೇ ಲಿವರ್ ಒತ್ತಿ ನೋಡುತ್ತೇನೆ. ಮೋಟಾರಿನ ಸಹಾಯ ಇಲ್ಲದೆ ಬ್ರೇಕ್ ಹೇಗಿದೆ ಎಂದು ಕೈಗೆ ಆಗ ತಿಳಿಯುತ್ತದೆ. ಅರ್ಧ ನಿಮಿಷದ ಕೆಲಸ.

ಹೊಸ ಪ್ಯಾಡ್ ಹಾಕಿಸಿದ ದಿನವೇ ಜೋರಾಗಿ ಹೋಗಬಾರದು, ಅದು ಡಿಸ್ಕಿಗೆ ಹೊಂದಿಕೊಳ್ಳಬೇಕು. ಸಮತಟ್ಟಾದ ರಸ್ತೆಯಲ್ಲಿ ಇಪ್ಪತ್ತು ಮೂವತ್ತು ಸಲ ಮೆಲ್ಲಗೆ ಬ್ರೇಕ್ ಹಾಕಿ ಹಾಕಿ ಓಡಿಸಿದೆ. ಆ ರಾತ್ರಿ ಮತ್ತೆ ಪೂರ್ತಿ ಚಾರ್ಜ್ ಮಾಡಿದೆ. ಬೆಳಗ್ಗೆ ನೂರು ತೋರಿಸುತ್ತಿದ್ದಾಗಲೇ ಒಬ್ಬನೇ ಅದೇ ಇಳಿಜಾರಿಗೆ ಇಳಿದೆ. ಮರಳಿನ ರಾಶಿಗಿಂತ ಎಷ್ಟೋ ಮೇಲೆ, ನಾನು ಅಂದುಕೊಂಡ ಜಾಗದಲ್ಲೇ ಗಾಡಿ ನಿಂತಿತು. ಅಮ್ಮನನ್ನು ಕೂರಿಸಿಕೊಂಡದ್ದು ಆಮೇಲೆ.

ನಮಸ್ಕಾರ.