ಸ್ಟೈಲ್ ಹಂಚಿ, ಆದರೆ ಮೂಲ ಫೈಲನ್ನೇ ಹಂಚಿ

ನನ್ನ ಕೈಯಲ್ಲಿ ಒಂದು ಪೆನ್‌ಡ್ರೈವ್ ಇದೆ, ನೋಡಿ. ಇದರೊಳಗೆ ಒಂದು ಫೋಲ್ಡರ್. ಹೆಸರು "ಕನ್ನಡ ಆಲ್ ಹಿಟ್ಸ್ ನ್ಯೂ ಫೈನಲ್ 2". ತೆರೆದರೆ 600ಕ್ಕೂ ಜಾಸ್ತಿ ಸ್ಟೈಲ್‌ಗಳಿವೆ, ಅಂದರೆ ನಾವು ಕೀಬೋರ್ಡ್ ನುಡಿಸುವಾಗ ಹಿಂದೆ ತಾನಾಗಿ ಬರುವ ತಾಳ, ವಾದ್ಯಗಳ ಫೈಲ್‌ಗಳು. ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ನುಡಿಸುವ ಒಬ್ಬ ಹುಡುಗ ಪ್ರೀತಿಯಿಂದ ಕೊಟ್ಟ. ಅವನಿಗೆ ಅವನ ಗುರುಗಳು ಕೊಟ್ಟಿದ್ದಂತೆ, ಅವರಿಗೆ ಇನ್ಯಾರೋ. ಇದನ್ನು ಮಾಡಿದವರು ಯಾರು ಅಂತ ಕೇಳಿದೆ. ಗೊತ್ತಿಲ್ಲ ಸಾರ್ ಅಂದ. ಯಾವ ಕೀಬೋರ್ಡ್‌ಗೆ ಮಾಡಿದ್ದು? ಅದೂ ಗೊತ್ತಿಲ್ಲ. ಒಂದು ಭಾನುವಾರ ಬೆಳಗ್ಗೆಯಿಂದ ಸಂಜೆ ತನಕ ಕೂತು ಒಂದೊಂದನ್ನೇ ಕೇಳಿದೆ. ವೇದಿಕೆ ಮೇಲೆ ಧೈರ್ಯವಾಗಿ ಹಾಕಬಹುದು ಅನಿಸಿದ್ದು 11.

ಉಳಿದವು ಕೆಟ್ಟದಾಗಿ ಮಾಡಿದವು ಅಂತ ನನಗೆ ಅನಿಸುವುದಿಲ್ಲ. ಬಹಳಷ್ಟರ ಹಿಂದೆ ಒಳ್ಳೆಯ ಕಿವಿ ಇದೆ, ಕೇಳಿದರೆ ಗೊತ್ತಾಗುತ್ತದೆ. ಒಂದು ಕಂಪನಿಯ ಕೀಬೋರ್ಡ್‌ನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಕನ್ವರ್ಟ್ ಆಗಿ ಆಗಿ, ಪ್ರತಿ ಸಲ ಏನೋ ಒಂದಿಷ್ಟು ಉದುರಿ ಹೋಗಿ, ಕೊನೆಗೆ ನಮ್ಮ ಕೈಗೆ ಬರುವ ಹೊತ್ತಿಗೆ ಅದರಲ್ಲಿ ಮಾಡಿದವರ ಕೆಲಸ ಅರ್ಧವೂ ಉಳಿದಿಲ್ಲ. ಮಜ್ಜಿಗೆಗೆ ನೀರು ಬೆರೆಸುತ್ತಾ ಹೋದ ಹಾಗೆ. ನೀರಾದ ಮೇಲೆ ಮೊಸರು ಕೊಡಿ ಅಂದರೆ ಎಲ್ಲಿಂದ ತರುವುದು?

ಅದಕ್ಕೇ ಇವತ್ತು ಒಂದೇ ಮಾತು ಹೇಳಬೇಕು ಅಂತ ಕೂತಿದ್ದೇನೆ. ಸ್ಟೈಲ್ ಹಂಚಿಕೊಳ್ಳಿ, ಖಂಡಿತ ಹಂಚಿಕೊಳ್ಳಿ. ಆದರೆ ಕನ್ವರ್ಟ್ ಮಾಡಿದ ಫೈಲನ್ನಷ್ಟೇ ಮುಂದಕ್ಕೆ ಕಳಿಸಬೇಡಿ. ಮೂಲ ಫೈಲ್ ಕಳಿಸಿ.

ಯಾಕೆ ಅಂತ ಹೇಳಬೇಕಾದರೆ ಸ್ಟೈಲ್ ಫೈಲ್ ಒಳಗೆ ಏನಿರುತ್ತದೆ ಅಂತ ನೋಡಬೇಕು. ಅರೇಂಜರ್ ಕೀಬೋರ್ಡ್‌ನಲ್ಲಿ ನಾವು ಎಡಗೈಯಲ್ಲಿ ಕಾರ್ಡ್, ಅಂದರೆ ಮೂರ್ನಾಲ್ಕು ಸ್ವರ ಒಟ್ಟಿಗೆ, ಹಿಡಿಯುತ್ತೇವೆ, ಡ್ರಮ್, ಬೇಸ್, ಗಿಟಾರ್, ಸ್ಟ್ರಿಂಗ್ಸ್ ಎಲ್ಲ ಹಿಂದೆ ಬರುತ್ತವೆ. ಯಮಹಾದ ಸ್ಟೈಲ್ ತೆಗೆದುಕೊಳ್ಳಿ. ಅದರ ಮೊದಲ ಭಾಗ ಸಾಮಾನ್ಯ ಮಿಡಿ ಫೈಲೇ, ಅಂದರೆ ಯಾವ ಸ್ವರ, ಯಾವಾಗ, ಎಷ್ಟು ಜೋರಾಗಿ ಅಂತ ಬರೆದಿಟ್ಟದ್ದು. ಎಂಟು ಪಾರ್ಟ್‌ಗಳು, ಚಾನೆಲ್ 9ರಿಂದ 16ರ ತನಕ: ಎರಡು ರಿದಮ್, ಒಂದು ಬೇಸ್, ಎರಡು ಕಾರ್ಡ್, ಒಂದು ಪ್ಯಾಡ್, ಎರಡು ಫ್ರೇಸ್. ಸಾಮಾನ್ಯವಾಗಿ ಎಲ್ಲವನ್ನೂ ಸಿ ಮೇಜರ್ ಸೆವೆನ್ ಅನ್ನೋ ಒಂದೇ ಕಾರ್ಡ್‌ನಲ್ಲಿ ಬರೆದಿರುತ್ತಾರೆ. ಇಂಟ್ರೊ, ಮೇನ್ ಎ, ಫಿಲ್, ಎಂಡಿಂಗ್ ಎಲ್ಲಿ ಶುರು ಅಂತ ಗುರುತು ಹಾಕಿರುತ್ತಾರೆ. ಮೇನ್ ಅಂದರೆ ಹಾಡಿನ ಉದ್ದಕ್ಕೂ ಓಡುವ ಭಾಗ, ಫಿಲ್ ಅಂದರೆ ಒಂದು ಭಾಗದಿಂದ ಇನ್ನೊಂದಕ್ಕೆ ಹೋಗುವಾಗ ಬರುವ ಚಿಕ್ಕ ಉರುಳಿಕೆ. ಆದರೆ ಮಿಡಿ ಮುಗಿದ ಮೇಲೆ ಇನ್ನೊಂದು ಭಾಗ ಇರುತ್ತದೆ. ಅದರ ಹೆಸರು ಕ್ಯಾಸಮ್. ಅಸಲಿ ಬುದ್ಧಿ ಇರುವುದು ಅಲ್ಲಿ. ನೀವು ಮೈನರ್ ಹಿಡಿದರೆ ಯಾವ ಸ್ವರ ಎಲ್ಲಿಗೆ ಇಳಿಯಬೇಕು, ಬೇಸ್ ಯಾವ ಸ್ವರದಿಂದ ಮೇಲೆ ಹೋಗಬಾರದು, ಕಾರ್ಡ್ ಬದಲಾದಾಗ ಎಳೆದು ಹಿಡಿದ ಸ್ವರ ನಿಲ್ಲಬೇಕಾ ಅಥವಾ ಹೊಸದಾಗಿ ಹೊಡೆಯಬೇಕಾ, ಇದೆಲ್ಲ ಅಲ್ಲಿ ಬರೆದಿರುತ್ತದೆ.

ಈಗ ಕೇಳಿ. ಮೊದಲು ಕೈ ಬದಲಾಗಿ ಬಂದ ಒಂದು ಫೈಲ್. ಇದು ಸಿ ಮೇಜರ್. ಚೆನ್ನಾಗಿದೆ ಅಲ್ವಾ? ಈಗ ಸಿ ಮೈನರ್ ಹಿಡಿಯುತ್ತೇನೆ. ಸ್ಟ್ರಿಂಗ್ಸ್ ಗಮನಿಸಿ. ನನ್ನ ಕೈ ಇ ಫ್ಲಾಟ್ ಮೇಲಿದೆ, ಸ್ಟ್ರಿಂಗ್ಸ್ ಮಾತ್ರ ಇನ್ನೂ ಇ ಹಿಡಿದುಕೊಂಡೇ ಕೂತಿದೆ. ಸಾಧಾರಣ ಗಾಂಧಾರದ ಜಾಗದಲ್ಲಿ ಅಂತರ ಗಾಂಧಾರ. ಹಾಡುವವರಿಗೆ ಇದು ಕಿವಿಯಲ್ಲಿ ಮುಳ್ಳು ಆಡಿಸಿದ ಹಾಗಿರುತ್ತದೆ. ಇದೇ ಸ್ಟೈಲ್‌ನ ಮೂಲ ಫೈಲ್ ಹಾಕುತ್ತೇನೆ, ಮತ್ತೆ ಸಿ ಮೈನರ್. ಈಗ ಸರಿ ಇದೆ. ಎರಡರಲ್ಲೂ ಮಿಡಿ ಅದೇ. ಮೊದಲನೆಯದರಲ್ಲಿ ಕ್ಯಾಸಮ್ ಹೋಗಿದೆ, ಅಷ್ಟೇ ವ್ಯತ್ಯಾಸ.

ಇದು ಹೇಗೆ ಹೋಗುತ್ತದೆ ಗೊತ್ತಾ? ಯಮಹಾ ಸ್ಟೈಲ್ ಫೈಲಿನ ಹೆಸರಿನ ಕೊನೆಯಲ್ಲಿ ಎಸ್‌ಟಿವೈ ತೆಗೆದು ಮಿಡ್ ಅಂತ ಹಾಕಿದರೆ ಕಂಪ್ಯೂಟರ್‌ನಲ್ಲಿ ಮಾಮೂಲಿ ಮಿಡಿ ಫೈಲ್ ತರ ತೆರೆದುಕೊಳ್ಳುತ್ತದೆ. ತುಂಬಾ ಜನ ಹೀಗೇ ತೆರೆದು, ಬೇಸ್ ಸ್ವಲ್ಪ ತಿದ್ದಿ, ಅಲ್ಲೇ ಸೇವ್ ಮಾಡಿ, ವಾಪಸ್ ಹೆಸರು ಬದಲಿಸಿ ಗ್ರೂಪಿಗೆ ಹಾಕುತ್ತಾರೆ. ಆ ಸಾಫ್ಟ್‌ವೇರ್‌ಗೆ ಕ್ಯಾಸಮ್ ಅಂದರೆ ಏನು ಅಂತ ಗೊತ್ತಿರುವುದಿಲ್ಲ. ಸೇವ್ ಮಾಡುವಾಗ ಸುಮ್ನೆ ಬಿಟ್ಟುಬಿಡುತ್ತದೆ. ಫೈಲ್ ತೆರೆಯುತ್ತದೆ, ಮೇಜರ್ ಕಾರ್ಡ್‌ನಲ್ಲಿ ಸರಿಯಾಗೇ ಕೇಳುತ್ತದೆ, ಹಾಗಾಗಿ ಮಾಡಿದವರಿಗೂ ತಪ್ಪು ತಿಳಿಯುವುದಿಲ್ಲ.

ಕೊರ್ಗ್ ಕಂಪನಿಯವರ ದಾರಿ ಬೇರೆ. ಅವರ ಪಿಎ ಸರಣಿಯಲ್ಲಿ ಒಂದೇ ವೇರಿಯೇಷನ್, ಅಂದರೆ ಯಮಹಾದ ಮೇನ್ ಇದ್ದ ಹಾಗೆ, ಅದರೊಳಗೆ 6 ಕಾರ್ಡ್ ವೇರಿಯೇಷನ್ ತನಕ ಬರೆಯಬಹುದು. ಮೇಜರ್‌ಗೆ ಒಂದು ಪ್ಯಾಟರ್ನ್, ಮೈನರ್‌ಗೆ ಬೇರೆಯದೇ ಪ್ಯಾಟರ್ನ್, ಸೆವೆನ್ತ್‌ಗೆ ಇನ್ನೊಂದು. ಕೈಯಲ್ಲೇ ಬರೆದದ್ದು, ಲೆಕ್ಕ ಹಾಕಿ ತಿರುಗಿಸಿದ್ದಲ್ಲ. ಅದನ್ನು ಬೇರೆ ಕಂಪನಿಯ ಒಂದೇ ಪ್ಯಾಟರ್ನ್‌ಗೆ ಇಳಿಸಿದಾಗ ಉಳಿದವು ಬಿಟ್ಟುಹೋಗಬಹುದು. ಆಮೇಲೆ ಯಾರೋ ಅದನ್ನೇ ವಾಪಸ್ ಕೊರ್ಗ್‌ಗೆ ಕನ್ವರ್ಟ್ ಮಾಡಿದರೂ ಆ ಮೈನರ್ ಪ್ಯಾಟರ್ನ್ ವಾಪಸ್ ಬರುವುದಿಲ್ಲ. ಎಲ್ಲಿಂದ ಬರಬೇಕು?

ಮಿಡಿ 1983ರಲ್ಲೇ ಬಂತು. ಎಲ್ಲ ಕಂಪನಿಯವರೂ ಒಪ್ಪಿಕೊಂಡರು. 1991ರಲ್ಲಿ ಜನರಲ್ ಮಿಡಿ ಬಂತು, 128 ವಾದ್ಯಗಳ ನಂಬರ್ ಎಲ್ಲರಿಗೂ ಒಂದೇ ಆಯಿತು. ಸ್ಟೈಲ್‌ಗೆ ಮಾತ್ರ ಅಂಥ ಒಪ್ಪಂದ ಆಗಲೇ ಇಲ್ಲ. ಯಮಹಾದ್ದು ಒಂದು, ಕೊರ್ಗ್‌ದು ಒಂದು, ರೋಲ್ಯಾಂಡ್, ಕ್ಯಾಸಿಯೊ, ಕೆಟ್ರಾನ್ ಎಲ್ಲರದ್ದೂ ಬೇರೆ ಬೇರೆ. ಒಂದೇ ಕಂಪನಿಯೊಳಗೂ ತೊಂದರೆ ಇದೆ. 2008ರಲ್ಲಿ ಟೈರೋಸ್ 3 ಅನ್ನೋ ಕೀಬೋರ್ಡ್ ಜೊತೆ ಯಮಹಾ ಹೊಸ ಸ್ಟೈಲ್ ಫಾರ್ಮ್ಯಾಟ್ ತಂದಿತು, ಗಿಟಾರ್ ಇನ್ನಷ್ಟು ಸಹಜವಾಗಿ ಕೇಳಲಿ ಅಂತ. ಹಳೆಯ ಮಾಡೆಲ್‌ಗಳಿಗೆ ಅದು ಅರ್ಥವಾಗುವುದಿಲ್ಲ.

ಗಿಟಾರ್ ಅಂದ ತಕ್ಷಣ ಇನ್ನೊಂದು ಹೇಳಲೇಬೇಕು. ಯಮಹಾದಲ್ಲಿ ಮೆಗಾವಾಯ್ಸ್ ಅಂತ ಒಂದು ಬಗೆಯ ವಾದ್ಯದ ಸದ್ದು ಇದೆ. ಅಲ್ಲಿ ಸ್ವರದ ವೆಲಾಸಿಟಿ, ಅಂದರೆ ಕೀ ಎಷ್ಟು ರಭಸವಾಗಿ ಒತ್ತಿದ್ದು ಅನ್ನೋ ನಂಬರ್, ಜೋರು, ಮೆಲ್ಲಗೆ ಅಂತ ಹೇಳುವುದಕ್ಕಷ್ಟೇ ಇಲ್ಲ. ಇಷ್ಟರಿಂದ ಇಷ್ಟರ ತನಕ ಬಿಡಿ ತಂತಿ, ಅದರ ಮೇಲೆ ಅದುಮಿದ ತಂತಿ, ಅದರ ಮೇಲೆ ಸ್ಲೈಡ್, ಹೀಗೆ ಹಂಚಿಟ್ಟಿರುತ್ತಾರೆ. ತೀರಾ ಮೇಲಿನ ಕೀಗಳಲ್ಲಿ ಬೆರಳು ಜಾರುವ ಸದ್ದು, ತಂತಿ ಕೆರೆಯುವ ಸದ್ದು. ಇದನ್ನು ಬೇರೆ ಕೀಬೋರ್ಡ್‌ನ ಸಾದಾ ಗಿಟಾರ್‌ಗೆ ಕೊಟ್ಟರೆ ಅದಕ್ಕೇನು ಗೊತ್ತು? ಸ್ಲೈಡ್ ಬರಬೇಕಾದ ಕಡೆ ಕಿವಿಗೆ ಹೊಡೆಯುವ ಹಾಗೆ ಜೋರಾಗಿ ಒಂದು ಸ್ವರ ಬರುತ್ತದೆ. ತಂತಿ ಕೆರೆಯುವ ಕಡೆ ಕೀಚಲು ಸ್ವರ. ಕನ್ವರ್ಟ್ ಮಾಡಿದ ಸ್ಟೈಲ್‌ನಲ್ಲಿ ಗಿಟಾರ್ ಹುಚ್ಚು ಹಿಡಿದ ಹಾಗೆ ಕೇಳಿದರೆ ಮೊದಲು ಇದನ್ನು ನೋಡಿ. ಆ ಮೇಲಿನ ಸ್ವರಗಳನ್ನು ಅಳಿಸಿ, ವೆಲಾಸಿಟಿ ಎಲ್ಲ ಒಂದು ಹದಕ್ಕೆ ತನ್ನಿ. ಅರ್ಧ ಗಂಟೆಯ ಕೆಲಸ.

ಆದರೆ ನಮ್ಮವರಿಗೆ ದೊಡ್ಡ ತಲೆನೋವು ಗಿಟಾರ್ ಅಲ್ಲ. ತಬಲ.

ಡ್ರಮ್ಸ್‌ನಲ್ಲಿ ಒಂದು ಅನುಕೂಲ ಇದೆ. ಕಿಕ್ ಡ್ರಮ್ 36ನೇ ಕೀ, ಸ್ನೇರ್ ಡ್ರಮ್ 38ನೇ ಕೀ, ಹೆಚ್ಚುಕಮ್ಮಿ ಎಲ್ಲ ಕೀಬೋರ್ಡ್‌ನಲ್ಲೂ ಅಲ್ಲೇ ಇರುತ್ತದೆ. ತಬಲಕ್ಕೆ, ಢೋಲಕ್‌ಗೆ ಅಂಥ ಒಪ್ಪಂದ ಯಾರೂ ಮಾಡಲಿಲ್ಲ. ತಬಲದ ಒಂದೊಂದು ಹೊಡೆತಕ್ಕೂ ನಾ, ಗೆ ಅಂತ ಹೆಸರಿದೆ, ಅದಕ್ಕೆ ಬೋಲ್ ಅನ್ನುತ್ತೇವೆ. ಒಂದು ಕೀಬೋರ್ಡ್‌ನಲ್ಲಿ 'ನಾ' ಇರುವ ಕೀಯಲ್ಲಿ ಇನ್ನೊಂದರಲ್ಲಿ 'ಗೆ' ಇರಬಹುದು, ಏನೂ ಇಲ್ಲದೆಯೂ ಇರಬಹುದು. ಕೆಲವು ವರ್ಷಗಳ ಹಿಂದೆ ಒಂದು ಆರತಕ್ಷತೆ. ಹಾಡುವ ಅಕ್ಕನ ಶ್ರುತಿ ಐದೂವರೆ ಮನೆ, ಅಂದರೆ ಜಿ ಶಾರ್ಪ್. ಒಂದು ಭಾವಗೀತೆ, ದಾದ್ರಾ ತಾಳ. ಹಿಂದಿನ ರಾತ್ರಿ ಯಾರೋ ಕಳಿಸಿದ ಕನ್ವರ್ಟ್ ಮಾಡಿದ ಸ್ಟೈಲ್ ಹಾಕಿಕೊಂಡಿದ್ದೆ. ಮನೆಯಲ್ಲಿ ಹೆಡ್‌ಫೋನ್‌ನಲ್ಲಿ ಮೇನ್ ಎ ಮಾತ್ರ ಕೇಳಿ, ಸರಿ ಇದೆ ಅಂತ ಮಲಗಿದ್ದೆ. ಪಲ್ಲವಿ ಚೆನ್ನಾಗಿ ಹೋಯಿತು. ಚರಣಕ್ಕೆ ಹೋಗುವಾಗ ಫಿಲ್ ಒತ್ತಿದೆ ನೋಡಿ, ತಬಲದ ಉರುಳಿಕೆ ಬರಬೇಕಾದ ಕಡೆ ಪೀಪೀಪೀ ಅಂತ ಸೀಟಿ! ಜನರಲ್ ಮಿಡಿ ಡ್ರಮ್‌ನಲ್ಲಿ 71 ಮತ್ತು 72ನೇ ಸ್ವರ ವಿಸಿಲ್. ಮೂಲ ಕೀಬೋರ್ಡ್‌ನ ಕಿಟ್‌ನಲ್ಲಿ, ಅಂದರೆ ತಾಳವಾದ್ಯದ ಸದ್ದುಗಳ ಸೆಟ್‌ನಲ್ಲಿ, ಅಲ್ಲಿ ತಬಲದ ಬೋಲ್‌ಗಳಿದ್ದವು. ಕನ್ವರ್ಟ್ ಮಾಡಿದವರು ಮೇನ್ ಸರಿಮಾಡಿದ್ದರು, ಫಿಲ್ ಮರೆತಿದ್ದರು. ಅಕ್ಕ ಹಾಡು ನಿಲ್ಲಿಸಿ ನನ್ನ ಕಡೆ ತಿರುಗಿದರು. ಆ ಮುಖ ನನಗೆ ಇವತ್ತಿಗೂ ನೆನಪಿದೆ. ಅವರು ಎರಡು ವಾರ ಅಭ್ಯಾಸ ಮಾಡಿಕೊಂಡು ಬಂದ ಹಾಡು ಅದು.

ಮನೆಗೆ ಬಂದು ಆ ಸ್ಟೈಲ್ ಬಿಚ್ಚಿ ಕೂತೆ. ಒಂದು ನೋಟ್‌ಬುಕ್ ಹಾಳೆ ಮೇಲೆ ಎಡಗಡೆ ಹಳೆಯ ಕೀ ನಂಬರ್, ಬಲಗಡೆ ನನ್ನ ಕೀಬೋರ್ಡ್‌ನ ಕೀ ನಂಬರ್, ಮಧ್ಯೆ ಬೋಲ್: ಧಾ, ಧಿ, ನಾ, ತಿ, ಗೆ, ಕೆ. ಮೂಲ ಕಿಟ್‌ನಲ್ಲಿ ಯಾವ ಕೀಯಲ್ಲಿ ಯಾವ ಬೋಲ್ ಇತ್ತು ಅಂತ ಹೇಳುವವರು ಯಾರೂ ಇರಲಿಲ್ಲ, ಮಾಡೆಲ್ ಹೆಸರೇ ಗೊತ್ತಿರಲಿಲ್ಲ. ದಾದ್ರಾದ ಆರು ಮಾತ್ರೆ ಇಟ್ಟುಕೊಂಡು, ಮೊದಲನೇ ಮಾತ್ರೆಯಲ್ಲಿ ಬರುವುದು ಧಾ ಇರಬೇಕು, ಮೂರನೆಯದು ನಾ ಇರಬೇಕು ಅಂತ ಊಹಿಸುತ್ತಾ ಹೋದೆ. ಎಡಗೈಯಲ್ಲಿ ನುಡಿಸುವ ಡಗ್ಗದ ಆ ಮೀಂಡ್ ಇದೆಯಲ್ಲ, ಅಂಗೈಯ ಬುಡ ಒತ್ತಿ ಜಾರಿಸಿದಾಗ ಗುಂಯ್ ಅಂತ ಏಳುತ್ತದಲ್ಲ, ಅದಕ್ಕೆ ನನ್ನ ಕಿಟ್‌ನಲ್ಲಿ ಕೀ ಹುಡುಕಲು ಒಂದು ಸಂಜೆ ಹೋಯಿತು. ಆ ಒಂದು ಸದ್ದು ಬಂದ ಮೇಲೆ ಸ್ಟೈಲ್‌ಗೆ ಜೀವ ಬಂತು. ಮೂಲ ಫೈಲ್ ಜೊತೆ ನಾಲ್ಕು ಸಾಲು ಬರೆದಿಟ್ಟಿದ್ದರೆ ಮೂರು ದಿನದ ಕೆಲಸ ಒಂದು ಗಂಟೆಯಲ್ಲಿ ಮುಗಿಯುತ್ತಿತ್ತು.

ತಬಲದ್ದೇ ಇನ್ನೊಂದು ತೊಂದರೆ. ತಾಳವಾದ್ಯದ ಟ್ರ್ಯಾಕ್ ಕಾರ್ಡ್ ಜೊತೆ ಮೇಲೆ ಕೆಳಗೆ ಹೋಗಬಾರದು. ಕನ್ವರ್ಟ್ ಆಗುವಾಗ ತಬಲ ಡ್ರಮ್ ಟ್ರ್ಯಾಕ್ ಬಿಟ್ಟು ಗಿಟಾರ್, ಪಿಯಾನೊ ಕೂರುವ ಜಾಗದಲ್ಲಿ ಕೂತರೆ ಏನಾಗುತ್ತದೆ? ನೀವು ಸಿ ಇಂದ ಎಫ್‌ಗೆ ಹೋದಿರಿ, ಪ್ರತಿ ಬೋಲ್ ಐದು ಕೀ ಮೇಲಕ್ಕೆ ಹಾರುತ್ತದೆ. ನಾ ಇದ್ದದ್ದು ಇನ್ನೇನೋ ಆಗುತ್ತದೆ. ಸಿ ಕಾರ್ಡ್‌ನಲ್ಲಿ ಮಾತ್ರ ಸರಿಯಾಗಿ ನುಡಿಯುವ ತಬಲ. ಕೊರ್ಗ್‌ನಲ್ಲಿ ಟ್ರ್ಯಾಕ್ ಟೈಪ್ ಅಂತ ಇರುತ್ತದೆ, ಅದನ್ನು ಪರ್ಕ್, ಅಂದರೆ ತಾಳವಾದ್ಯ ಅಂತ ಬದಲಿಸಿದರೆ ಅಲ್ಲಿಗೆ ಸರಿಹೋಯಿತು.

ಈಗ ಕೆಲವರು ಕೇಳುತ್ತಾರೆ: ನನ್ನ ಹತ್ತಿರ ಇರುವುದು ಒಂದೇ ಕೀಬೋರ್ಡ್, ಬೇರೆ ಕಂಪನಿಯ ಮೂಲ ಫೈಲ್ ಇಟ್ಟುಕೊಂಡು ನಾನೇನು ಮಾಡಲಿ? ನ್ಯಾಯವಾದ ಪ್ರಶ್ನೆ. ಎರಡನ್ನೂ ಕಳಿಸಿ. ಕನ್ವರ್ಟ್ ಮಾಡಿದ್ದು ಇವತ್ತಿಗೆ ಬೇಕು, ಮೂಲದ್ದು ಮುಂದೆ ಬೇಕು. ಸ್ಟೈಲ್‌ವರ್ಕ್ಸ್ ತರದ ಸಾಫ್ಟ್‌ವೇರ್ ಇದೆ, ಹಲವು ಕಂಪನಿಗಳ ಫಾರ್ಮ್ಯಾಟ್ ಓದುತ್ತದೆ. ಯಮಹಾ ಇಟ್ಟುಕೊಂಡವರಿಗೆ ಯೋರ್ಗನ್ ಸೋರೆನ್‌ಸೆನ್ ಅನ್ನುವವರು ಕ್ಯಾಸಮ್ ತಿದ್ದುವ ಟೂಲ್‌ಗಳನ್ನು ಮಾಡಿ ಉಚಿತವಾಗಿಯೇ ಕೊಟ್ಟಿದ್ದಾರೆ. ನಾಳೆ ಇನ್ನೂ ಒಳ್ಳೆಯ ಸಾಫ್ಟ್‌ವೇರ್ ಬಂದರೂ ಅದಕ್ಕೆ ಕೊಡಲು ಮೂಲ ಫೈಲ್ ನಮ್ಮ ಹತ್ತಿರ ಇರಬೇಕಲ್ವಾ?

ಜೊತೆಗೆ ಒಂದು ಚಿಕ್ಕ ಟೆಕ್ಸ್ಟ್ ಫೈಲ್. ಯಾವ ಮಾಡೆಲ್, ಟೆಂಪೊ ಎಷ್ಟು, ಯಾವ ತಾಳ, ತಬಲಕ್ಕೆ ಯಾವ ಕಿಟ್ ಹಾಕಿದ್ದೀರಿ, ಯಾವ ಕೀಯಲ್ಲಿ ಯಾವ ಬೋಲ್. ಮಾಡಿದವರ ಹೆಸರು, ಅವರು ಒಪ್ಪಿದರೆ. ಕನ್ನಡದಲ್ಲೇ ಬರೆಯಿರಿ, ಏನೂ ತೊಂದರೆ ಇಲ್ಲ.

ಹೆಸರಿನ ವಿಷಯದಲ್ಲಿ ನನಗೆ ನಿಜವಾಗಿ ಬೇಜಾರಿದೆ. ಒಂದು ಹಾಡಿನ ರಿದಮ್ ಕೇಳಿ ಕೇಳಿ, ಹೆಡ್‌ಫೋನ್ ಹಾಕಿಕೊಂಡು ಢೋಲಕ್ ಎಲ್ಲಿ ತಬಲ ಎಲ್ಲಿ ಅಂತ ಬಿಡಿಸಿ, ನಾಲ್ಕು ಮೇನ್, ನಾಲ್ಕು ಫಿಲ್, ಇಂಟ್ರೊ ಎಲ್ಲ ಬರೆದು, ಅದನ್ನು ಒಂದಿಷ್ಟು ದುಡ್ಡಿಗೆ ಮಾರುವವರು ನಮ್ಮ ನಡುವೆಯೇ ಇದ್ದಾರೆ. ಸೀಸನ್ ಇಲ್ಲದ ಆಷಾಢದಲ್ಲಿ ಕಾರ್ಯಕ್ರಮ ಇರುವುದಿಲ್ಲ, ಅದೇ ಅವರಿಗೆ ಒಂದಿಷ್ಟು ಆಸರೆ. ಅವರ ಪ್ಯಾಕ್ ಒಬ್ಬರು ಕೊಳ್ಳುತ್ತಾರೆ, ಬೇರೆ ಕೀಬೋರ್ಡ್‌ಗೆ ಕನ್ವರ್ಟ್ ಮಾಡುತ್ತಾರೆ, ಫೋಲ್ಡರ್ ಹೆಸರು ಬದಲಿಸಿ ಗ್ರೂಪಿಗೆ ಬಿಡುತ್ತಾರೆ. ಕನ್ವರ್ಟ್ ಮಾಡಿದ್ದು ನಾನೇ ಅಲ್ವಾ, ಹಾಗಾಗಿ ನಂದೇ ಅಂತ ವಾದ ಬೇರೆ. ಇಲ್ಲ, ನಿಮ್ಮದಲ್ಲ. ದುಡ್ಡು ಕೊಟ್ಟು ತಂದದ್ದನ್ನು ನಿಮ್ಮ ಕೀಬೋರ್ಡ್‌ಗೆ ಹೊಂದಿಸಿಕೊಳ್ಳಿ, ನುಡಿಸಿ, ಸಂತೋಷ. ಬೇರೆಯವರು ಕೇಳಿದರೆ ಮಾಡಿದವರ ನಂಬರ್ ಕೊಡಿ. ಹಂಚಬೇಕು ಅನಿಸಿದರೆ ನೀವೇ ಮಾಡಿದ್ದನ್ನು ಹಂಚಿ. ಒಂದೇ ಒಂದಿದ್ದರೂ ಸಾಕು.

ನನ್ನದು ಒಂದು ಇಟ್ಟಿದ್ದೇನೆ. ದಾದ್ರಾ, ಭಾವಗೀತೆಗೆ ಅಂತ ಮಾಡಿದ್ದು, ಟೆಂಪೊ ನಿಧಾನ. ಮೂಲ ಫೈಲ್ ಇದೆ, ಕನ್ವರ್ಟ್ ಮಾಡಿದ್ದಿದೆ, ಬೋಲ್‌ಗಳ ಪಟ್ಟಿ ಬರೆದ ನೋಟ್‌ಬುಕ್ ಹಾಳೆಯ ಫೋಟೊ ಕೂಡ ಇದೆ. ಕನ್ವರ್ಟ್ ಮಾಡಿದ್ದರಲ್ಲಿ ಎರಡನೇ ಫಿಲ್‌ನಲ್ಲಿ ಡಗ್ಗ ಇನ್ನೂ ತುಸು ಜೋರು ಅಂತ ನನಗೆ ಅನಿಸುತ್ತಿದೆ. ನಿಮ್ಮ ಕೀಬೋರ್ಡ್‌ನಲ್ಲಿ ಹೇಗೆ ಬರುತ್ತದೆ ಅಂತ ಬರೆದು ಕಳಿಸಿ. ಈಗ ಎರಡನ್ನೂ ನುಡಿಸುತ್ತೇನೆ, ಇದೇ ಐದೂವರೆ ಮನೆಯಲ್ಲಿ. ಮೊದಲು ಮೂಲದ್ದು.