ರಿಪೋರ್ಟ್ ನಾರ್ಮಲ್, ನೋವು ನಿಜ

ಕೇಳುಗರಿಗೆ ನಮಸ್ಕಾರ.

ಕೆಟ್ಟ ಸುದ್ದಿ ಕೇಳಿದಾಗ ಎದೆ ಧಸಕ್ಕೆನ್ನುತ್ತದೆ. ದುಃಖಕ್ಕೆ ಕರುಳು ಹಿಂಡುತ್ತದೆ. ಪಕ್ಕದವರ ಏಳಿಗೆ ಕಂಡರೆ ಹೊಟ್ಟೆ ಉರಿಯುತ್ತದೆ. ಮನಸ್ಸಿನ ಸಂಗತಿಗೆ ನಾವು ಮೈಯ ಮಾತನ್ನೇ ಆಡುತ್ತೇವೆ, ಅಲ್ವಾ? ಅದೇನೂ ಸುಮ್ನೆ ಬಂದ ಮಾತಲ್ಲ.

1822ರಲ್ಲಿ ಅಮೆರಿಕದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನ ಹೊಟ್ಟೆಗೆ ಆಕಸ್ಮಿಕವಾಗಿ ಗುಂಡು ತಗಲಿತು. ಬದುಕಿಕೊಂಡ. ಆದರೆ ಗಾಯ ಪೂರ್ತಿ ಮುಚ್ಚದೆ, ಜಠರಕ್ಕೆ ಒಂದು ಕಿಂಡಿ ಉಳಿದುಬಿಟ್ಟಿತು. ಅವನಿಗೆ ಚಿಕಿತ್ಸೆ ಮಾಡಿದ ವೈದ್ಯ ವಿಲಿಯಂ ಬ್ಯೂಮಾಂಟ್ ವರ್ಷಗಟ್ಟಲೆ ಆ ಕಿಂಡಿಯಲ್ಲಿ ಇಣುಕಿ ನೋಡಿದರು. ರೇಜಿಗೆ ಹುಟ್ಟಿತೋ ಏನೋ, ಆ ಯುವಕ ನಡುವೆ ಒಮ್ಮೆ ಬಿಟ್ಟು ಹೋಗಿಯೂ ಇದ್ದ! ಅವನಿಗೆ ಸಿಟ್ಟು ಬಂದಾಗ ಜೀರ್ಣಕ್ರಿಯೆ ಕೆಡುವುದನ್ನು ಬ್ಯೂಮಾಂಟ್ ಕಣ್ಣಾರೆ ಕಂಡರು.

ಹೀಗಾಗುವುದಕ್ಕೆ ಕಾರಣವಿದೆ. ಅಪಾಯ ಅನ್ನಿಸಿದ ಕೂಡಲೇ ಮೂತ್ರಪಿಂಡದ ಮೇಲೆ ಕೂತಿರುವ ಪುಟ್ಟ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತವೆ. ಎದೆಬಡಿತ ಜೋರಾಗುತ್ತದೆ, ಸ್ನಾಯು ಬಿಗಿಯುತ್ತದೆ, ಜೀರ್ಣದ ಕೆಲಸ ಹಿಂದೆ ಬೀಳುತ್ತದೆ. ಎದುರಿಗೆ ಹುಲಿ ಬಂದರೆ ಇದು ಬೇಕೇ ಬೇಕು. ಆದರೆ ಸಾಲದ ಚಿಂತೆ ಹುಲಿಯ ಹಾಗೆ ಬಂದು ಹೋಗುವುದಿಲ್ಲ. ತಿಂಗಳುಗಟ್ಟಲೆ ಮನೆಯಲ್ಲೇ ಇರುತ್ತದೆ. ಕುತ್ತಿಗೆ ಬಿಗಿದೇ ಇದ್ದರೆ ತಲೆನೋವು ಬರದೆ ಇರುತ್ತದೆಯೇ? ಕೆಲವರಿಗೆ ಕರುಳು ಕೆರಳುತ್ತದೆ. ಆಸ್ತಮಾ, ಇಸುಬಿನಂಥ ಚರ್ಮದ ತೊಂದರೆ ಮೊದಲೇ ಇದ್ದವರಿಗೆ ಅದು ಜಾಸ್ತಿಯಾಗಬಹುದು.

ಹೃದಯದ್ದು ಇನ್ನೂ ವಿಚಿತ್ರ. ಆಪ್ತರನ್ನು ಕಳೆದುಕೊಂಡ ಆಘಾತದಲ್ಲಿ ಕೆಲವರಿಗೆ ಥೇಟ್ ಹೃದಯಾಘಾತದಂಥ ಎದೆನೋವು ಬರುತ್ತದೆ. ಪರೀಕ್ಷೆ ಮಾಡಿದರೆ ಅದಕ್ಕೆ ಕಾರಣವಾಗುವಂಥ ಅಡ್ಡಿ ರಕ್ತನಾಳದಲ್ಲಿ ಇರುವುದಿಲ್ಲ. ಹೃದಯದ ಒಂದು ಭಾಗ ಮಾತ್ರ ಬಲೂನಿನಂತೆ ಉಬ್ಬಿರುತ್ತದೆ. ಜಪಾನಿನ ವೈದ್ಯರು ಇದಕ್ಕೆ ‘ಟಾಕೋಟ್ಸುಬೊ’ ಎಂದು ಹೆಸರಿಟ್ಟರು. ಅಂದರೆ ಆಕ್ಟೋಪಸ್ ಹಿಡಿಯುವ ಮಡಕೆ. ಉಬ್ಬಿದ ಹೃದಯದ ಆಕಾರ ಹಾಗೆ ಕಾಣುತ್ತದೆ. ಮುಟ್ಟು ನಿಂತ ಹೆಂಗಸರಲ್ಲಿ ಇದು ಹೆಚ್ಚು. ಬಹುಪಾಲು ಜನ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ.

ಹಾಗಂತ ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟುವುದೂ ತಪ್ಪು. ಹೊಟ್ಟೆಹುಣ್ಣಿಗೆ ಟೆನ್ಶನ್ನೇ ಕಾರಣ ಎಂದು ಬಹಳ ಕಾಲ ನಂಬಿದ್ದರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಅದರ ಹಿಂದೆ ಹೆಚ್ಚಾಗಿ ಒಂದು ಬ್ಯಾಕ್ಟೀರಿಯಾ ಇರುತ್ತದೆ ಎಂದು ತೋರಿಸಿದರು. ಮಾರ್ಷಲ್ ಅಂತೂ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಹೊಟ್ಟೆ ಕೆಡಿಸಿಕೊಂಡರು! 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅದಕ್ಕೇ ಹೇಳುವುದು, ಎದೆನೋವು ಬಂದರೆ ‘ಟೆನ್ಶನ್ ಇರಬೇಕು’ ಎಂದು ಮನೆಯಲ್ಲಿ ಕೂರಬೇಡಿ. ಮೊದಲು ಆಸ್ಪತ್ರೆಗೆ ಹೋಗಿ.

ನನಗೆ ಸಿಟ್ಟು ಬರುವುದು ಇನ್ನೊಂದು ಮಾತಿಗೆ. ‘ರಿಪೋರ್ಟ್ ನಾರ್ಮಲ್ ಇದೆ, ನಿಮಗೇನೂ ಇಲ್ಲ, ಎಲ್ಲಾ ನಿಮ್ಮ ಭ್ರಮೆ.’ ಏನೂ ಇಲ್ಲದಿದ್ದರೆ ಆ ಮನುಷ್ಯ ರಾತ್ರಿಯೆಲ್ಲ ಯಾಕೆ ಒದ್ದಾಡುತ್ತಾನೆ? ಕಾರಣ ಮನಸ್ಸಿನಲ್ಲಿದ್ದರೂ ನೋಯುವುದು ಮೈಯೇ. ನಾಟಕ ಆಡುವವರಿಗೆ ನೋವಾಗುವುದಿಲ್ಲ.

ಮುಂದಿನ ಸಲ ವೈದ್ಯರು ‘ನಿದ್ದೆ ಹೇಗಿದೆ? ಮನೆಯಲ್ಲಿ ಏನಾದರೂ ಚಿಂತೆ?’ ಎಂದು ಕೇಳಿದರೆ, ಹೊಟ್ಟೆನೋವಿಗೂ ಇದಕ್ಕೂ ಏನು ಸಂಬಂಧ ಎಂದುಕೊಳ್ಳಬೇಡಿ. ಅವರು ಕೇಳದಿದ್ದರೆ ನೀವೇ ಹೇಳಿ. ನೋವು ಶುರುವಾದ ದಿನಗಳಲ್ಲಿ ಏನೇನು ನಡೆದಿತ್ತು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೂ ಆದೀತು.

ನಮಸ್ಕಾರ.